ಲಾಕ್‌ಡೌನಿನಲ್ಲಿ ನಮ್ಮನೆಯವರು ಕುಡಿತ ಬಿಟ್ಟಿದ್ದು: ಮಾಜಿ ಸೈನಿಕರೊಬ್ಬರ ಹೆಂಡತಿಯ ಅನುಭವ

ಕಳೆದ ವಾರ ಇಸಿಎಚ್‌ಎಸ್‌ನಿಂದ, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಿಂದ, ನಮ್ಮ ಅಕೌಂಟಿಗೆ 21,940 ರೂಪಾಯಿ ಬಂತು. ಆಸ್ಪತ್ರೆಗೆ ನಾವು ಕಟ್ಟಿದ್ದು 38,600. ಹತ್ತು ತಿಂಗಳು ಕಾದೆವು. ಮೆಸೇಜ್ ನೋಡಿ ಸುಮ್ಮನೆ ಅಡುಗೆಮನೆಯಲ್ಲಿ ಕೂತುಬಿಟ್ಟೆ. ದುಡ್ಡಿಗಾಗಿ ಅಲ್ಲ, 2020ರ ಮಾರ್ಚ್‌ನಲ್ಲಿ ಶುರುವಾದ ಒಂದು ಫೈಲು ಅಂತೂ ಮುಚ್ಚಿತಲ್ಲ ಅಂತ.

ನಮ್ಮ ಊರಿನ ಕಡೆ ಮಿಲ್ಟ್ರಿಯವರ ಮನೆಗಳು ತುಂಬಾ ಇವೆ. ಯಾರ ಮಗ ಯಾವ ರೆಜಿಮೆಂಟ್, ಯಾರಿಗೆ ಯಾವ ಪದಕ ಬಂತು, ಎಲ್ಲ ಮಾತಾಡುತ್ತೇವೆ. ಪೆನ್ಷನ್ ಬಂದ ಮೇಲೆ ಎಷ್ಟು ಮನೆಯಲ್ಲಿ ಬಾಟ್ಲಿಯಿಂದ ಕಷ್ಟ ಆಗಿದೆ ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಡುವುದಿಲ್ಲ. ನಾನೂ ಆರು ವರ್ಷ ಬಿಡಲಿಲ್ಲ. ಆ ಸುಮ್ಮನಿರುವಿಕೆಯಿಂದ ನಮ್ಮನೆಯವರ ಜೀವ ಹೋಗುವುದರಲ್ಲಿತ್ತು. ಅದಕ್ಕೇ ಬರೆಯುತ್ತಿದ್ದೇನೆ, ಇದೇ ದಾರಿಯಲ್ಲಿ ಬರುವ ಇನ್ನೊಬ್ಬಳಿಗೆ ಒಂದೆರಡು ದಿನವಾದರೂ ಉಳಿಯಲಿ ಅಂತ.

ಇವರು 1990ರಲ್ಲಿ ಭರ್ತಿಯಾದವರು. 24 ವರ್ಷ ಸರ್ವಿಸ್ ಮಾಡಿ 2014ರಲ್ಲಿ ಹವಾಲ್ದಾರ್ ಆಗಿ ಬಂದರು. ಕೊನೆಯ ಕೆಲವು ವರ್ಷ ಕೋತ್ ಎನ್‌ಸಿಓ ಆಗಿದ್ದರು. ಕೋತ್ ಅಂದರೆ ಆಯುಧ ಇಡುವ ಕೋಣೆ, ಅದರ ಉಸ್ತುವಾರಿ ಇವರದ್ದು. ದಿನಾ ಬೆಳಿಗ್ಗೆ ಸಂಜೆ ಪ್ರತಿ ರೈಫಲ್ ಎಣಿಸಿ ರಿಜಿಸ್ಟರಿಗೆ ಸಹಿ ಹಾಕಬೇಕು. ಒಂದು ದಿನವೂ ನನ್ನ ಲೆಕ್ಕ ತಪ್ಪಲಿಲ್ಲ ಅಂತ ಹೇಳಿಕೊಳ್ಳುತ್ತಿದ್ದರು. ಊರಿಗೆ ಬಂದಾಗ ವಯಸ್ಸು 43. ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸ ಸಿಕ್ಕಿತು. ಹಗಲು ಎಲ್ಲ ಚೆನ್ನಾಗಿತ್ತು, ಕಷ್ಟ ರಾತ್ರಿಯದ್ದು. ಎರಡು ಗಂಟೆಗೆ ಸರಿಯಾಗಿ ಎಚ್ಚರ ಆಗುತ್ತಿತ್ತು, ಎದ್ದು ಮನೆ ಸುತ್ತ ಒಂದು ಸುತ್ತು ಹೊಡೆದು ಬರುತ್ತಿದ್ದರು. ಮತ್ತೆ ನಿದ್ದೆ ಬರಲು ಒಂದು ಪೆಗ್. ಮೊದಲು ಒಂದು, ಆಮೇಲೆ ಮೂರು, 2018ರ ಹೊತ್ತಿಗೆ ಸಂಜೆ ಆರಕ್ಕೇ ಶುರು. 2019ರಲ್ಲಿ ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿತ್ತು, ಶೇವಿಂಗ್ ಮಾಡಲು ಒಂದು ಗುಟುಕು ಬೇಕಾಗುತ್ತಿತ್ತು. ಮಿಲ್ಟ್ರಿ ಕ್ಯಾಂಟೀನಿನಲ್ಲಿ ತಿಂಗಳಿಗೆ ಸಿಗುವ ಬಾಟ್ಲಿ ಕೋಟಾ ಹತ್ತು ದಿನಕ್ಕೆ ಮುಗಿಯುತ್ತಿತ್ತು, ಉಳಿದಿದ್ದು ಪೇಟೆಯ ವೈನ್‌ ಶಾಪಿನಿಂದ. ಆ ಬೆಳಗಿನ ನಡುಕವೇ ದೊಡ್ಡ ಸೂಚನೆ ಅಂತ ಆಗ ನನಗೆ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಹಾಗೆ ಆಗುತ್ತಿದ್ದರೆ ದಯವಿಟ್ಟು ಗಮನಿಸಿ. ದೇಹ ಕುಡಿತಕ್ಕೆ ಒಗ್ಗಿಹೋಗಿದೆ, ತಟ್ಟನೆ ನಿಲ್ಲಿಸಿದರೆ ಅಪಾಯ ಅಂತ ಅರ್ಥ.

2020ರ ಮಾರ್ಚ್ 22 ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ ಲಾಕ್‌ಡೌನ್. ವೈನ್‌ ಶಾಪ್ ಮುಚ್ಚಿತು, ಕ್ಯಾಂಟೀನ್ ಮುಚ್ಚಿತು. ಮನೆಯಲ್ಲಿ ಒಂದೂವರೆ ಬಾಟ್ಲಿ ರಮ್ ಇತ್ತು. ದಿನಕ್ಕಿಷ್ಟು ಅಂತ ಇಟ್ಟುಕೊಂಡು ಕುಡಿದರೂ 27ರ ರಾತ್ರಿಗೆ ಖಾಲಿ. ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ದೇವರೇ ದಾರಿ ತೋರಿಸಿದ, 21 ದಿನ ಮನೆಯಲ್ಲೇ ಇದ್ದರೆ ಬಿಟ್ಟೇಬಿಡುತ್ತಾರೆ ಅಂದುಕೊಂಡೆ. ಇವರೂ ಹಾಗೇ ಅಂದರು, 'ಫೌಜಿ ಮನಸ್ಸು ಮಾಡಿದ್ರೆ ಏನು ಬಿಡಕ್ಕಾಗಲ್ಲ?'

28ರಂದು ಇಡೀ ದಿನ ಬೆವರು, ನಡುಕ, ವಾಂತಿ. ಕಾಫಿ ಲೋಟ ಹಿಡಿಯಲಾಗಲಿಲ್ಲ. 29ರ ಬೆಳಗಿನ ಜಾವ ನಾಲ್ಕು ಗಂಟೆಗೆ ಮಂಚ ಅಲುಗಾಡಿದ ಹಾಗಾಗಿ ಎಚ್ಚರವಾಯಿತು. ನೋಡಿದರೆ ಇವರಿಗೆ ಫಿಟ್ಸ್. ಬಾಯಲ್ಲಿ ನೊರೆ, ಕಣ್ಣು ಮೇಲೆ. ಜೀವನದಲ್ಲಿ ಎಂದೂ ಫಿಟ್ಸ್ ಬಂದವರಲ್ಲ. ಮಗ ಓಡಿ ಬಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದ. ಎರಡು ನಿಮಿಷಕ್ಕೆ ನಿಂತಿತು.

ಆಗಲೇ ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲಿಲ್ಲ. ಸುಧಾರಿಸಿಕೊಂಡ ಮೇಲೆ ಇವರು ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು, 'ಆಸ್ಪತ್ರೆ ಬೇಡ ಕಣೇ, ರೆಕಾರ್ಡಿಗೆ ಹೋಗುತ್ತೆ.' ಸರ್ವಿಸ್‌ನಲ್ಲಿ ಇರುವಾಗ ಕುಡಿತದ ಕಾಯಿಲೆ ಅಂತ ಬರೆದರೆ ಮೆಡಿಕಲ್ ಕೆಟಗರಿ ಇಳಿಯುತ್ತದೆ, ಪ್ರಮೋಷನ್ನಿಗೆ ಕಲ್ಲು ಬೀಳುತ್ತದೆ. ಆ ಹೆದರಿಕೆ ಪೆನ್ಷನ್ ಬಂದು ಆರು ವರ್ಷವಾದರೂ ಒಳಗೇ ಕೂತಿತ್ತು. ಊರಲ್ಲಿ ಬೇರೆ ಒಂದು ಮಾತಿದೆ, ಮಾನಸಿಕ ವೈದ್ಯರ ಚೀಟಿ ಆದರೆ ಪೆನ್ಷನ್ ನಿಲ್ಲಿಸುತ್ತಾರೆ ಅಂತ. ನಾನೂ ನಂಬಿದ್ದೆ. ಮಗಳ ಮದುವೆ ಬಾಕಿ ಇತ್ತು, ಪೆನ್ಷನ್ ಬಿಟ್ಟರೆ ನಮಗೇನಿದೆ? ಹಾಗಾಗಿ ಸುಮ್ಮನಿದ್ದೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಕುಡಿತಕ್ಕೆ ಚಿಕಿತ್ಸೆ ತಗೊಂಡರೆ ಪೆನ್ಷನ್ ಹೋಗುವುದಿಲ್ಲ. ನಾವು ಎರಡು ಸಲ ದಾಖಲಾಗಿದ್ದೇವೆ, ಮಾನಸಿಕ ವಿಭಾಗದ ರೆಫರಲ್ ಆಗಿದೆ, ಪ್ರತಿ ತಿಂಗಳು ಪೆನ್ಷನ್ ಒಂದು ರೂಪಾಯಿ ಕಮ್ಮಿಯಾಗದೆ ಬಂದಿದೆ.

ಆ ದಿನ ನನ್ನ ಮೈದುನ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಕಳ್ಳಭಟ್ಟಿ ತಂದ. 'ಅತ್ತಿಗೆ, ಇದೊಂದು ಲೋಟ ಕೊಡಿ, ನಡುಕ ನಿಲ್ಲುತ್ತೆ' ಅಂದ. ಐನೂರು ರೂಪಾಯಿ ಕೊಟ್ಟಿದ್ದನಂತೆ. ಬಾಟ್ಲಿ ಕೈಯಲ್ಲಿ ಹಿಡಿದು ಹಿತ್ತಲಲ್ಲಿ ತುಂಬಾ ಹೊತ್ತು ನಿಂತಿದ್ದೆ. ಅದರಲ್ಲಿ ಏನು ಬೆರೆಸಿದ್ದಾರೋ ಗೊತ್ತಿಲ್ಲ, ಕುಡಿಸಿ ಕಣ್ಣು ಹೋದರೆ? ಚೆಲ್ಲಿಬಿಟ್ಟೆ. ಮೈದುನ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ.

30ರ ಸಂಜೆಯಿಂದ ಇವರು ಇವರಾಗಿರಲಿಲ್ಲ. ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂತ ಬರಿಗೈಯಲ್ಲಿ ಒರೆಸುತ್ತಿದ್ದರು. ಮಗನನ್ನು ಯಾವುದೋ ಹಿಂದಿ ಹೆಸರಿನಲ್ಲಿ ಕರೆದು, ತಲೆ ತಗ್ಗಿಸು, ಲೈಟ್ ಆರಿಸು ಅಂತ ಕೂಗಿದರು. ನನ್ನನ್ನು ಗುರುತಿಸಲಿಲ್ಲ. 25 ವರ್ಷ ಸಂಸಾರ ಮಾಡಿದವರು ನಿನ್ನ ಪಾಸ್ ತೋರಿಸು ಅಂತ ನನ್ನನ್ನೇ ಕೇಳಿದರು. ಬೆಂಗಳೂರಿನಲ್ಲಿ ಸಿಕ್ಕಿಕೊಂಡಿದ್ದ ಮಗಳು ನಿಮ್ಹಾನ್ಸ್‌ನ ಸಹಾಯವಾಣಿಗೆ, 080-46110007ಕ್ಕೆ ಫೋನ್ ಮಾಡಿ ವಿಷಯ ಹೇಳಿದಳು. ಒಂದು ನಿಮಿಷವೂ ತಡಮಾಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರಂತೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ ಕುಡಿತ ನಿಂತು ಎರಡರಿಂದ ನಾಲ್ಕು ದಿನದೊಳಗೆ ಬರುತ್ತದೆ, ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ. ಮೊದಲ ದಿನದ ನಡುಕ, ಎರಡನೇ ದಿನದ ಫಿಟ್ಸ್, ಮೂರನೇ ದಿನದ ಭ್ರಮೆ, ನಮ್ಮ ಮನೆಯಲ್ಲಿ ಪುಸ್ತಕದಲ್ಲಿ ಇರುವ ಹಾಗೇ ಆಯಿತು. ನಾವು ಮಾತ್ರ ಬರೀ ನೋಡುತ್ತಾ ಕೂತಿದ್ದೆವು.

ಆಂಬುಲೆನ್ಸ್ ಕೊರೊನಾ ಕೆಲಸಕ್ಕೆ ಹೋಗಿತ್ತು. ಪಕ್ಕದ ಬೀದಿಯ ಸುಬೇದಾರ್ ಸಾಹೇಬರು ತಮ್ಮ ಜೀಪ್ ತೆಗೆದರು. ದಾರಿಯಲ್ಲಿ ಪೊಲೀಸರು ಎರಡು ಕಡೆ ನಿಲ್ಲಿಸಿದರು, ಇವರ ಸ್ಥಿತಿ ನೋಡಿ ಬಿಟ್ಟರು. ಮೊದಲ ಆಸ್ಪತ್ರೆಯ ಗೇಟಿನಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದರು. 100.8. ತಕ್ಷಣ ಎಲ್ಲರೂ ದೂರ ಸರಿದರು. ಫೀವರ್ ಕ್ಲಿನಿಕ್‌ಗೆ ಹೋಗಿ, ಕೊರೊನಾ ಇಲ್ಲ ಅಂತ ಬರೆಸಿಕೊಂಡು ಬನ್ನಿ ಅಂದರು. ಇದು ಕುಡಿತ ನಿಂತಿದ್ದಕ್ಕೆ ಆಗಿರುವ ಜ್ವರ, ನಿನ್ನೆ ಬೆಳಗಿನ ಜಾವ ಫಿಟ್ಸ್ ಬಂದಿತ್ತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಸುತ್ತಮುತ್ತ ಗುರುತಿನವರಿದ್ದರು. ಬರೀ ಹುಷಾರಿಲ್ಲ, ಹುಷಾರಿಲ್ಲ ಅಂತಿದ್ದೆ. ಮುಕ್ಕಾಲು ಗಂಟೆ ಹಾಗೇ ಹೋಯಿತು. ಎರಡನೇ ಕಡೆ, ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ, ಸಾಹೇಬರೇ ಮುಂದೆ ಹೋಗಿ ಜೋರಾಗಿ ಹೇಳಿದರು: 'ಇವರು ದಿನಾ ಕುಡೀತಿದ್ರು, ಮೂರು ದಿನದಿಂದ ಸಿಕ್ಕಿಲ್ಲ, ಫಿಟ್ಸ್ ಬಂದಿದೆ.' ಡಾಕ್ಟರ್ ಎರಡೇ ಪ್ರಶ್ನೆ ಕೇಳಿ ಒಳಗೆ ತಗೊಂಡರು. ಆ ಮೂರು ಮಾತು ಹೇಳುವುದನ್ನು ಕಲಿತುಕೊಳ್ಳಿ. ದಿನಾ ಎಷ್ಟು ಕುಡಿಯುತ್ತಿದ್ದರು, ಕೊನೆಯದು ಯಾವಾಗ, ಫಿಟ್ಸ್ ಬಂದಿದೆಯೋ ಇಲ್ಲವೋ. ಮಾನ ಮರ್ಯಾದೆ ಆಮೇಲೆ ನೋಡಿಕೊಳ್ಳೋಣ.

ರಾತ್ರಿ ಹನ್ನೊಂದಕ್ಕೆ ದಾಖಲು. ಕೈಕಾಲು ಬಟ್ಟೆಯಲ್ಲಿ ಕಟ್ಟಿದರು, ಅದನ್ನು ನೋಡಲಾಗದೆ ಮಗ ಹೊರಗೆ ಹೋದ. ಲೊರಾಜೆಪಾಮ್ ಇಂಜೆಕ್ಷನ್, ಅದರ ಜೊತೆ ಥಯಾಮಿನ್, ಅಂದರೆ ಬಿ1 ವಿಟಮಿನ್. ಗ್ಲೂಕೋಸ್ ಯಾಕೆ ಹಾಕುತ್ತಿಲ್ಲ ಅಂತ ಕೇಳಿದೆ, ನಮಗೆ ಗ್ಲೂಕೋಸ್ ಹಾಕಿದರೇ ಆಸ್ಪತ್ರೆ ಅಲ್ವಾ. ಮೊದಲು ಥಯಾಮಿನ್ ಹೋಗಬೇಕು, ಇಲ್ಲದಿದ್ದರೆ ಮಿದುಳಿಗೆ ಪೆಟ್ಟಾಗಿ ನೆನಪಿನ ಶಕ್ತಿಯೇ ಹೋಗಬಹುದು ಅಂದರು ಡಾಕ್ಟರ್. ನಾವು ಮನೆಯಲ್ಲಿ ಎರಡು ದಿನ ಬರೀ ಗ್ಲೂಕೋಸ್ ಪುಡಿ ಕಲಸಿ ಕುಡಿಸುತ್ತಿದ್ದೆವು.

ಅಡ್ವಾನ್ಸ್ 15,000 ಕೇಳಿದರು. ಮನೆಯಲ್ಲಿ ಇದ್ದಿದ್ದು 6,000. ಬಳೆ ಅಡ ಇಡೋಣವೆಂದರೆ ಎಲ್ಲ ಬಂದ್. ಸಾಹೇಬರು 20,000 ಕೊಟ್ಟರು. 'ತಂಗಿ, ಇದು ನನ್ನ ದುಡ್ಡಲ್ಲ ಅಂದ್ಕೋ, ಪಲ್ಟನ್ ದುಡ್ಡು' ಅಂದರು. ಅವರು ಯಾವತ್ತೂ ವಾಪಸ್ ಕೇಳಲಿಲ್ಲ. ಡಿಸೆಂಬರ್‌ನಲ್ಲಿ ನಾನೇ ಕೊಟ್ಟು ಮುಗಿಸಿದೆ.

ಈಗ ಇಸಿಎಚ್‌ಎಸ್ ವಿಷಯ. ಆ ನರ್ಸಿಂಗ್ ಹೋಮ್ ಇಸಿಎಚ್‌ಎಸ್ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಕಡೆ ತುರ್ತಾಗಿ ದಾಖಲಾದರೂ ಹಣ ಸಿಗುತ್ತದೆ, ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ, ಅಂದರೆ ಇಸಿಎಚ್‌ಎಸ್‌ನವರದೇ ಚಿಕಿತ್ಸಾಲಯಕ್ಕೆ, ತಿಳಿಸಿರಬೇಕು. ಸಾಹೇಬರು ಹೇಳದಿದ್ದರೆ ನನಗೆ ಇದು ಗೊತ್ತೇ ಇರಲಿಲ್ಲ. ನಮ್ಮ ಪಾಲಿಕ್ಲಿನಿಕ್ ಫೋನ್ ಎರಡು ದಿನ ಯಾರೂ ಎತ್ತಲಿಲ್ಲ. ಮಗಳು ಅವರ ಇಮೇಲ್ ವಿಳಾಸ ಹುಡುಕಿ ಏಪ್ರಿಲ್ 1ರ ಸಂಜೆ ನಾಲ್ಕಕ್ಕೆ ಬರೆದು ಕಳಿಸಿದಳು. ಇವರ ಹೆಸರು, ಸರ್ವಿಸ್ ನಂಬರ್, ಕಾರ್ಡ್ ನಂಬರ್, ಆಸ್ಪತ್ರೆ ಹೆಸರು, ದಾಖಲಾದ ಸಮಯ, ಕಾಯಿಲೆ, ಜೊತೆಗೆ ಕಾರ್ಡಿನ ಫೋಟೋ. ಆಗ 41 ಗಂಟೆ ಆಗಿತ್ತು. ಮುಂದೆ ಆರು ತಿಂಗಳು ಬಿಟ್ಟು, ನೀವು ತಿಳಿಸಿಯೇ ಇಲ್ಲ ಅಂತ ಕ್ಲೈಮ್ ವಾಪಸ್ ಬಂದಾಗ ನಮ್ಮನ್ನು ಉಳಿಸಿದ್ದು ಆ ಇಮೇಲ್ ಪ್ರಿಂಟ್ ಒಂದೇ. ಫೋನ್ ಮಾಡಿದರೂ ಸರಿ, ಬರಹದಲ್ಲಿ ಒಂದು ಸಾಕ್ಷಿ ಇಟ್ಟುಕೊಳ್ಳಿ.

ಡಿಸ್ಚಾರ್ಜ್ ಆಗುವಾಗ ಕೇಳಿ ಇಸ್ಕೊಳ್ಳಬೇಕಾದ ಕಾಗದಗಳೂ ಇವೆ. ಡಿಸ್ಚಾರ್ಜ್ ಸಮ್ಮರಿ, ಮೂಲ ಬಿಲ್ಲುಗಳು, ಔಷಧಿ ಅಂಗಡಿಯ ಪ್ರತಿ ಚೀಟಿ, ಲ್ಯಾಬ್ ರಿಪೋರ್ಟ್, ಮುಖ್ಯವಾಗಿ ಇದು ತುರ್ತು ಅಂತ ಡಾಕ್ಟರ್ ಸಹಿ ಸೀಲು ಹಾಕಿದ ಎಮರ್ಜೆನ್ಸಿ ಸರ್ಟಿಫಿಕೇಟ್. ಈ ಕೊನೆಯದನ್ನು ನಾನು ತಗೊಂಡಿರಲಿಲ್ಲ, ಮೇ ತಿಂಗಳಲ್ಲಿ ಮತ್ತೆ ಎರಡು ಸಲ ಅಲೆದೆ. ಇನ್ನೊಂದು, ಹಣ ಕೊಡುವುದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರದ ಲೆಕ್ಕದಲ್ಲಿ, ಆಸ್ಪತ್ರೆ ಹಾಕಿದ ದರದಲ್ಲಿ ಅಲ್ಲ. ಅದಕ್ಕೇ ನಮಗೆ ಪೂರ್ತಿ ಬರಲಿಲ್ಲ. ಎಲ್ಲದರ ಜೆರಾಕ್ಸ್ ಎರಡು ಸೆಟ್ ಇಟ್ಟುಕೊಳ್ಳಿ.

ಏಪ್ರಿಲ್ 4ಕ್ಕೆ ಮನೆಗೆ ಬಂದೆವು. ಇವರಿಗೆ ಐದು ದಿನದ ನೆನಪೇ ಇರಲಿಲ್ಲ. ಊಟ ಸೇರುತ್ತಿತ್ತು, ಮುಖಕ್ಕೆ ಕಳೆ ಬಂತು, ಮೆಣಸಿನ ಬಳ್ಳಿಗೆ ಗೊಬ್ಬರ ಹಾಕಿದರು. ಮಾನಸಿಕ ವೈದ್ಯರನ್ನು ನೋಡಿ ಅಂತ ಸಮ್ಮರಿಯಲ್ಲಿ ಬರೆದಿತ್ತು. ನಾವು ನೋಡಲಿಲ್ಲ. ಈಗ ಬಿಟ್ಟಿದ್ದಾರಲ್ಲ ಅಂದುಕೊಂಡೆವು.

ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿ ಮತ್ತೆ ತೆರೆದವು. ಹಿಂದಿನ ದಿನದಿಂದಲೇ ಟಿವಿಯಲ್ಲಿ ಅದೇ ಸುದ್ದಿ. ಇವರು ಬೆಳಿಗ್ಗೆ ಅಕ್ಕಿ ತರುತ್ತೇನೆ ಅಂತ ಹೋದವರು ಮಧ್ಯಾಹ್ನ ಮೂರಕ್ಕೆ ಬಂದರು. ಚೀಲದಲ್ಲಿ ಅಕ್ಕಿ ಇತ್ತು, ಅದರ ಕೆಳಗೆ ಎರಡು ಬಾಟ್ಲಿ. 38 ದಿನ ಮುಟ್ಟದೆ ಇದ್ದವರು. ನಾನು ಬೈಯಲಿಲ್ಲ, ಅಳಲೂ ಇಲ್ಲ, ಅಕ್ಕಿ ಡಬ್ಬಿಗೆ ಹಾಕಿದೆ. ಡಾಕ್ಟರ್ ಆಮೇಲೆ ಅಂದ ಮಾತು: ಆಸ್ಪತ್ರೆಯಲ್ಲಿ ಐದು ದಿನ ಆಗಿದ್ದು ದೇಹದಿಂದ ಮದ್ಯ ಇಳಿಸಿದ್ದು ಅಷ್ಟೇ, ಚಿಕಿತ್ಸೆ ಶುರುವೇ ಆಗಿರಲಿಲ್ಲ. ಇದು ನಮಗೆ ಗೊತ್ತಿದ್ದರೆ ಆ 38 ದಿನ ಹಾಗೆ ಕಳೆಯುತ್ತಿರಲಿಲ್ಲ.

ಮೇ, ಜೂನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬ್ಯಾಂಕಿನ ಕೆಲಸ ಹೋಯಿತು. ಕುಡಿತ ಮೊದಲಿಗಿಂತ ಹೆಚ್ಚಾಯಿತು. ಒಬ್ಬರು ಬಂದು ನನ್ನ ಕಿವಿಯಲ್ಲಿ, ಒಂದು ಮಾತ್ರೆ ಬರುತ್ತೆ, ಗೊತ್ತಾಗದ ಹಾಗೆ ಕಾಫಿಗೆ ಹಾಕು, ಕುಡಿದರೆ ವಾಂತಿ ಬಂದು ತಾನೇ ಬಿಡುತ್ತಾರೆ ಅಂದರು. ಅದು ಡೈಸಲ್ಫಿರಾಮ್. ನಾನು ಹಾಕಲಿಲ್ಲ, ಆದರೆ ಹಾಕಬೇಕು ಅಂತ ಎರಡು ದಿನ ಯೋಚಿಸಿದ್ದು ನಿಜ. ರೋಗಿಗೆ ಹೇಳದೆ ಕೊಟ್ಟು, ಅವರು ಎಂದಿನಂತೆ ಕುಡಿದರೆ ಬಿಪಿ ಕುಸಿದು ಹೃದಯಕ್ಕೇ ಹೊಡೆತ ಬೀಳಬಹುದು ಅಂತ ಡಾಕ್ಟರ್ ಬಾಯಲ್ಲಿ ಕೇಳಿದಾಗ ಮೈ ಜುಮ್ಮೆಂದಿತು. ದಯವಿಟ್ಟು ಆ ಕೆಲಸ ಮಾಡಬೇಡಿ. ಇನ್ನೊಂದು ಕಡೆಯಿಂದ ಒಂದು ವ್ಯಸನಮುಕ್ತಿ ಕೇಂದ್ರದವರ ಫೋನ್ ಬಂತು. ತಿಂಗಳಿಗೆ 18,000, ಮನೆಗೇ ವ್ಯಾನ್ ತಂದು ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಯಾರೂ ನೋಡಲು ಬರಬಾರದು. ಡಾಕ್ಟರ್ ಯಾರಿದ್ದಾರೆ ಅಂತ ಮಗಳು ಕೇಳಿದಳು. ಬೇಕಾದಾಗ ಬರುತ್ತಾರೆ ಅಂದರು. ಫಿಟ್ಸ್ ಬಂದ ಮನುಷ್ಯನನ್ನು ಡಾಕ್ಟರಿಲ್ಲದ ಕಡೆ ಬಿಡುವುದು ಹೇಗೆ? ಕೇಂದ್ರ ಸೇರಿಸುವವರು ಇದೊಂದು ಪ್ರಶ್ನೆ ಕೇಳಿ, ಸರ್ಕಾರದ ನೋಂದಣಿ ಪತ್ರ ತೋರಿಸಲು ಹೇಳಿ.

ಬದಲಾಗಿದ್ದು ಜೂನ್ ಕೊನೆಯ ಒಂದು ಬೆಳಿಗ್ಗೆ. ಇವರು ಒಂದು ಹಳೇ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಮೇ 4ರಿಂದ ದಿನಾ ಎಷ್ಟು ತಂದೆ, ಎಷ್ಟು ಕುಡಿದೆ, ಎಷ್ಟು ಉಳಿಯಿತು ಅಂತ ಬರೆದಿಟ್ಟಿದ್ದರು, ಕೋತ್ ರಿಜಿಸ್ಟರ್ ತರಹ ಗೆರೆ ಹಾಕಿ. ನನಗೆ ಗೊತ್ತೇ ಇರಲಿಲ್ಲ. ಮೊದಲ ಎರಡು ವಾರ ಅಕ್ಷರ ನೇರವಾಗಿತ್ತು. ಆಮೇಲೆ ಸೊಟ್ಟ, ಆಮೇಲೆ ಖಾಲಿ ಜಾಗ, ಹೊಡೆದು ಹಾಕಿದ ಅಂಕಿ. 'ಲೆಕ್ಕ ತಾಳೆ ಆಗ್ತಿಲ್ಲ ಕಣೇ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಎಲ್ಲಿಗೆ ಹೋಗ್ಬೇಕು, ಕೇಳು' ಅಂದರು.

ಮಾರನೇ ದಿನವೇ ಪಾಲಿಕ್ಲಿನಿಕ್‌ಗೆ ಹೋದೆವು. ಅರ್ಧದಷ್ಟು ಸಿಬ್ಬಂದಿ, ಟೋಕನ್ ಹೊರಗಡೆ, ಮಳೆಯಲ್ಲಿ ಎರಡು ಗಂಟೆ. ನಮ್ಮದು ಹಳೇ ಕಾರ್ಡ್, ಹೊಸ ಕಾರ್ಡಿಗೆ ಅರ್ಜಿ ಹಾಕಿದ್ದೆವು, ಅದಿನ್ನೂ ಬಂದಿರಲಿಲ್ಲ. ಅರ್ಜಿಯ ತಾತ್ಕಾಲಿಕ ಸ್ಲಿಪ್ ಇದ್ದುದರಿಂದ ಕೆಲಸ ಆಯಿತು. ಪಿಪಿಒ (ಪೆನ್ಷನ್ ಆದೇಶ ಪತ್ರ) ನಕಲು, ಸೈನ್ಯದಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್, ಆಧಾರ್ ಮೂರನ್ನೂ ತಗೊಂಡೇ ಹೋಗಿ. ಕೌಂಟರಿನಲ್ಲಿ ಕುಡಿತಕ್ಕೆಲ್ಲ ರೆಫರಲ್ ಇಲ್ಲ ಅಂದುಬಿಟ್ಟರು. ಇವರು ವಾಪಸ್ ತಿರುಗಿದರು. ನಾನು ಬಿಡಲಿಲ್ಲ. ಏಪ್ರಿಲ್‌ನ ಸಮ್ಮರಿ ಹಿಡಿದು ಮೆಡಿಕಲ್ ಆಫೀಸರ್ ಕೋಣೆಗೇ ಹೋದೆ. ಅವರು ಓದಿ ಏನೂ ವಾದ ಮಾಡದೆ ಇಸಿಎಚ್‌ಎಸ್ ಪಟ್ಟಿಯಲ್ಲಿರುವ ಮೈಸೂರಿನ ಒಂದು ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಬರೆದುಕೊಟ್ಟರು. ಕೌಂಟರಿನ ಮಾತೇ ಕೊನೆ ಅಂದುಕೊಳ್ಳಬೇಡಿ.

ಮೈಸೂರಿನವರು ಫೋನಿನಲ್ಲೇ ಮೊದಲ ಸಲ ನೋಡಿದರು. ದಾಖಲಾಗಲು ಆಗ ಕೊರೊನಾ ನೆಗೆಟಿವ್ ರಿಪೋರ್ಟ್ ಬೇಕಿತ್ತು, ರೋಗಿಗೂ ಜೊತೆಗೆ ಇರುವವರಿಗೂ. ತಾಲ್ಲೂಕು ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಗಂಟಲ ದ್ರವ ಕೊಟ್ಟೆವು. ರಿಪೋರ್ಟ್ ಬರಲು ನಾಲ್ಕು ದಿನ. ಆ ನಾಲ್ಕು ದಿನದ ಬಗ್ಗೆ ಡಾಕ್ಟರ್ ಹೇಳಿದ್ದು ಕೇಳಿ ನನಗೆ ನಂಬಲಾಗಲಿಲ್ಲ: ಮನೆಯಲ್ಲಿ ತಟ್ಟನೆ ನಿಲ್ಲಿಸಬೇಡಿ, ಮತ್ತೆ ಫಿಟ್ಸ್ ಬರುತ್ತೆ, ದಾಖಲಾಗುವವರೆಗೆ ಇಷ್ಟಿಷ್ಟು ಅಳತೆ ಅಂತ ಕೊಡಿ. ಆರು ವರ್ಷ ಬಾಟ್ಲಿ ಬಚ್ಚಿಟ್ಟವಳು ನಾನು. ಆ ನಾಲ್ಕು ದಿನ ಔಷಧಿ ಮುಚ್ಚಳದಲ್ಲಿ ಅಳೆದು ನಾನೇ ಗ್ಲಾಸಿಗೆ ಹಾಕಿ ಕೊಟ್ಟೆ. ಇವರು ತಲೆ ತಗ್ಗಿಸಿ ಕುಡಿಯುತ್ತಿದ್ದರು. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ. ಈ ಇಡೀ ವರ್ಷದಲ್ಲಿ ನನಗೆ ತುಂಬಾ ಕಷ್ಟವಾಗಿದ್ದು ಅದೇ. (ನೀವು ನಿಮ್ಮಷ್ಟಕ್ಕೆ ಇದನ್ನು ಮಾಡಬೇಡಿ. ಎಷ್ಟು ಅಂತ ಇವರನ್ನು ನೋಡಿದ ಡಾಕ್ಟರೇ ಹೇಳಿದ್ದರು.)

ಜುಲೈ 5ರಿಂದ ಪ್ರತಿ ಭಾನುವಾರ ಪೂರ್ತಿ ಲಾಕ್‌ಡೌನ್ ಇತ್ತು. 12ಕ್ಕೆ ರಿಪೋರ್ಟ್ ಬಂದರೂ ಹೊರಡುವಂತಿರಲಿಲ್ಲ. 13ರ ಸೋಮವಾರ ಬೆಳಿಗ್ಗೆ ಐದಕ್ಕೆ ಹೊರಟೆವು, ಕಾರಿಗೆ 4,500. ಅಲ್ಲಿ ಫಾರ್ಮ್ ಕೊಟ್ಟರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತದ ಸಮಸ್ಯೆಗೂ ರೋಗಿ ತಾನೇ ಒಪ್ಪಿ ಸಹಿ ಹಾಕಿ ದಾಖಲಾಗಬಹುದು, ತಾನೇ ಕೇಳಿಕೊಂಡು ಹೋಗಲೂಬಹುದು. ಇವರು ಕನ್ನಡಕ ಹಾಕಿಕೊಂಡು ಪ್ರತಿ ಸಾಲು ಓದಿದರು. 'ಹಾಗಾದ್ರೆ ಇದು ಅರೆಸ್ಟ್ ಅಲ್ಲ' ಅಂದರು. ಸಹಿ ಹಾಕಿದರು.

21 ದಿನ ಇದ್ದೆವು. ಮೊದಲ ವಾರ ಮಾತ್ರೆ ಕೊಟ್ಟು ನಿಧಾನವಾಗಿ ಇಳಿಸಿದರು, ಈ ಸಲ ಫಿಟ್ಸ್ ಇಲ್ಲ, ಭ್ರಮೆ ಇಲ್ಲ. ಮಾರ್ಚ್‌ನಲ್ಲಿ ಪಟ್ಟಿದ್ದೆಲ್ಲ ಪಡಬೇಕಾಗಿಯೇ ಇರಲಿಲ್ಲ ಅಂತ ಆಗ ಗೊತ್ತಾಯಿತು. ಎರಡನೇ ವಾರದಿಂದ ಮಾತುಕತೆ. ಎಲ್ಲರಿಗೂ ಮಾಸ್ಕ್, ನಡುವೆ ಆರಡಿ. ಇವರು ಮೊದಲ ನಾಲ್ಕು ದಿನ ಹೌದು ಸರ್, ಇಲ್ಲ ಸರ್ ಬಿಟ್ಟು ಏನೂ ಹೇಳಲಿಲ್ಲ. ಐದನೇ ದಿನ ಡಾಕ್ಟರ್ ಕೇಳಿದರು, ಎರಡು ಗಂಟೆಗೇ ಯಾಕೆ ಎಚ್ಚರ ಆಗುತ್ತೆ? ಆಗ ಹೇಳಿದರು. ಒಂದು ಪೋಸ್ಟಿನಲ್ಲಿ ಎರಡರಿಂದ ನಾಲ್ಕರ ಪಾಳಿ ಇವರದ್ದು. ಒಂದು ದಿನ ಇನ್ನೊಬ್ಬ ಹುಡುಗನ ಜೊತೆ ಪಾಳಿ ಬದಲಾಯಿಸಿಕೊಂಡರಂತೆ. ಮುಂದಿನದ್ದು ನಾನು ಬರೆಯುವುದಿಲ್ಲ, ಅದು ಅವರದ್ದು. 25 ವರ್ಷದಲ್ಲಿ ನನಗೆ ಹೇಳಿರಲಿಲ್ಲ. ಮಾರ್ಚ್‌ನಲ್ಲಿ ಮಗನನ್ನು ಕೂಗಿದ ಆ ಹಿಂದಿ ಹೆಸರು ಯಾರದ್ದು ಅಂತ ಅವತ್ತು ತಿಳಿಯಿತು.

ಮದ್ಯ ಬೇಗ ನಿದ್ದೆ ತರಿಸುತ್ತದೆ, ಆದರೆ ಅರ್ಧ ರಾತ್ರಿಯ ಮೇಲೆ ಅದೇ ನಿದ್ದೆ ಕೆಡಿಸುತ್ತದೆ ಅಂತ ಡಾಕ್ಟರ್ ವಿವರಿಸಿದರು. ಅಂದರೆ ಎರಡು ಗಂಟೆಯ ಎಚ್ಚರಕ್ಕೆ ಕುಡಿದಿದ್ದೇ ಎಚ್ಚರವನ್ನು ಹೆಚ್ಚು ಮಾಡುತ್ತಿತ್ತು. ಲಿವರ್ ರಿಪೋರ್ಟ್ ಚೆನ್ನಾಗಿರಲಿಲ್ಲ, ಹಾಗಾಗಿ ಕುಡಿಯುವ ಆಸೆ ತಗ್ಗಿಸುವ ಅಕಾಂಪ್ರೊಸೇಟ್ ಅನ್ನುವ ಮಾತ್ರೆ ಬರೆದರು. ದಿನಕ್ಕೆ ಮೂರು ಹೊತ್ತು ಎರಡೆರಡು, ಒಟ್ಟು ಆರು. ನಮ್ಮ ಪಾಲಿಕ್ಲಿನಿಕ್‌ನಲ್ಲಿ ಅದು ಸಿಗಲಿಲ್ಲ, ಹೊರಗಡೆ ತಗೊಂಡು ಕ್ಲೈಮ್ ಹಾಕುತ್ತಿದ್ದೇವೆ. ಮೈಸೂರಿನಲ್ಲಿ ರೆಫರಲ್ ಇದ್ದುದರಿಂದ ಆಸ್ಪತ್ರೆಗೆ ನಾವು ಕಟ್ಟಬೇಕಾಗಿ ಬರಲಿಲ್ಲ. ನನ್ನ ಊಟ, ಓಡಾಟ ಸೇರಿ ಹನ್ನೊಂದು ಸಾವಿರ ಕೈಯಿಂದ ಹೋಯಿತು.

ಆಗಸ್ಟ್ 3ಕ್ಕೆ ಮನೆಗೆ ಬಂದೆವು. ಆಮೇಲಿನ ಕಷ್ಟ ಬಂದಿದ್ದು ಹೊರಗಿನಿಂದಲ್ಲ, ನೆಂಟರಿಂದ. ಮಿಲ್ಟ್ರಿಯವರ ಮನೆಗೆ ಗೊತ್ತಿರುತ್ತದೆ, ಮದುವೆ, ನಾಮಕರಣ, ಹಬ್ಬ ಏನೇ ಇರಲಿ ಕ್ಯಾಂಟೀನ್ ಬಾಟ್ಲಿ ಎಲ್ಲರಿಗೂ ಬೇಕು. 'ನಿಮಗೆ ಬೇಡ ಅಂದ್ರೆ ಬಿಡಿ ಭಾವ, ನಮಗೆ ತಂದ್ಕೊಡಿ' ಅಂತ ನನ್ನ ತಮ್ಮನೇ ಕೇಳಿದ. ಬಿಟ್ಟು ಒಂದು ತಿಂಗಳೂ ಆಗಿರದ ಮನುಷ್ಯನ ಕೈಗೆ ಬಾಟ್ಲಿ ಕೊಟ್ಟು ಸಾಗಿಸಿಕೊಡು ಅನ್ನುವುದು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವನಿಗೆ ಅರ್ಥವಾಗಿರಲಿಲ್ಲ. ನಾನು ಕೂರಿಸಿ ಎಲ್ಲ ಹೇಳಿದೆ, ಇರುವೆ ಸಾಲಿನಿಂದ ಹಿಡಿದು. ಈಗ ಕ್ಯಾಂಟೀನಿಗೆ ಇವರ ಜೊತೆ ನಾನೂ ಹೋಗುತ್ತೇನೆ, ದಿನಸಿ ಸಾಲಿನಲ್ಲಿ ಮಾತ್ರ ನಿಲ್ಲುತ್ತೇವೆ.

ವಾರಕ್ಕೆ ಎರಡು ಸಲ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಇರುತ್ತಿತ್ತು, ಆಗ ಕೊರೊನಾದಿಂದ ಫೋನಿನಲ್ಲೇ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ, ಪೂರ್ತಿ ಹೆಸರೂ ಹೇಳಬೇಕಾಗಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಹಲಸಿನ ಮರದ ಹತ್ತಿರ ಮಾತ್ರ. ಮಳೆಗಾಲದಲ್ಲಿ ಛತ್ರಿ ಹಿಡಿದು ಒಂದು ಗಂಟೆ ಅಲ್ಲೇ ನಿಲ್ಲುತ್ತಿದ್ದರು.

ಈಗ 2021ರ ಫೆಬ್ರವರಿ. ಔಷಧಿ ಕ್ಲೈಮ್ ಇನ್ನೂ ಎರಡು ಬಾಕಿ ಇವೆ. ಆ ನೋಟ್‌ಬುಕ್ ಇವರು ಎಸೆದಿಲ್ಲ. ಅದೇ ಗೆರೆಗಳಲ್ಲಿ ಈಗ ಮಾತ್ರೆ ಬರೆಯುತ್ತಾರೆ, ಬೆಳಿಗ್ಗೆ ಎರಡು, ಮಧ್ಯಾಹ್ನ ಎರಡು, ರಾತ್ರಿ ಎರಡು, ಪಕ್ಕದಲ್ಲಿ ಸಹಿ. ಎರಡು ಗಂಟೆಗೆ ಎಚ್ಚರ ಆಗುವುದು ಪೂರ್ತಿ ಹೋಗಿಲ್ಲ, ವಾರಕ್ಕೆ ಎರಡು ಮೂರು ದಿನ ಆಗುತ್ತದೆ. ಬಾಗಿಲು ತೆಗೆದ ಸದ್ದಾದರೆ ನಾನೂ ಎದ್ದು ಹಾಲು ಬಿಸಿಗಿಡುತ್ತೇನೆ. ಕೆಲವು ದಿನ ಆ ಹುಡುಗನ ಬಗ್ಗೆ ಹೇಳುತ್ತಾರೆ, ಕೆಲವು ದಿನ ಸುಮ್ಮನೆ ಕುಡಿದು ಲೋಟ ತೊಳೆದಿಟ್ಟು ಮಲಗುತ್ತಾರೆ.